ಒಂದೇ ಒಲೆಯ ಮೇಲೆ ಎರಡು ಪಥ್ಯ

ನನ್ನ ಕಾಯಿಲೆಯ ಹೆಸರನ್ನು ನಾನು ಮೊದಲು ಓದಿದ್ದು ಜನ ಮೂತ್ರ ಮಾಡುವ ಗೋಡೆಯ ಮೇಲೆ. ಯಶವಂತಪುರದ ರೈಲು ನಿಲ್ದಾಣದಿಂದ ನಮ್ಮ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಉದ್ದನೆಯ ಕಾಂಪೌಂಡ್ ಗೋಡೆಯೊಂದಿತ್ತು. ಸುಣ್ಣ ಬಳಿದ ಆ ಗೋಡೆಯ ಮೇಲೆ ಶೀಘ್ರಸ್ಖಲನ, ಸ್ವಪ್ನಸ್ಖಲನ, ನರದೌರ್ಬಲ್ಯ, ಗುಪ್ತರೋಗ ಎಂದು ನೀಲಿ ಅಕ್ಷರಗಳಲ್ಲಿ ಬರೆದು, ಅದರ ಕೆಳಗೆ ವೈದ್ಯರು ಪ್ರತಿ ತಿಂಗಳು ಯಾವ ಲಾಡ್ಜಿನಲ್ಲಿ ಸಿಗುತ್ತಾರೆಂಬುದನ್ನು ಕಾಣಿಸಿದ್ದರು. ಗೋಡೆಯ ಬುಡ ಸದಾ ಒದ್ದೆಯಾಗಿರುತ್ತಿತ್ತು. ದಿನಾಲು ಮೂಗು ಮುಚ್ಚಿಕೊಂಡು ಅದನ್ನು ದಾಟುತ್ತಿದ್ದೆ. ಕಣ್ಣನ್ನು ಮಾತ್ರ ಮುಚ್ಚಿಕೊಳ್ಳಲು ಆಗುತ್ತಿರಲಿಲ್ಲ.

ಈಗ ನಾನು ಮುದುಕ. ಸಂಜೆ ಪಾರ್ಕಿನ ಕಟ್ಟೆಯ ಮೇಲೆ ಕುಳಿತ ನನ್ನ ಓರಗೆಯವರು, ನಮ್ಮ ಕಾಲದಲ್ಲಿ ಗಂಡಸರಿಗೆ ಇಂಥ ರೋಗಗಳೇ ಇರಲಿಲ್ಲ, ಗಟ್ಟಿ ಊಟ ಉಣ್ಣುತ್ತಿದ್ದೆವು, ಎಲ್ಲ ಕೆಟ್ಟದ್ದು ಈಚೆಗೆ ಎಂದು ಹೇಳುವುದನ್ನು ಕೇಳಿದಾಗ ನನಗೆ ಹೇಸಿಗೆಯಾಗುತ್ತದೆ. ಅವರಲ್ಲಿ ಕೆಲವರನ್ನು ನಾನು ಆ ಲಾಡ್ಜಿನ ಕಾರಿಡಾರಿನಲ್ಲಿ ನೋಡಿದ್ದೇನೆ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಬರೆಯುವ ಮುನ್ನ ಹೆಂಡತಿ ಗಿರಿಜೆಯ ಒಪ್ಪಿಗೆ ಕೇಳಿದೆ. "ಬರೀರಿ. ಆದ್ರ ನಾ ಕಾರಿಕೊಂಡದ್ದೂ ಬರೀರಿ, ಬರೇ ನಿಮ್ಮ ಪುರಾಣ ಬ್ಯಾಡ" ಎಂದಳು.

ನಾನು ಗದಗದ ಕಡೆಯವನು. ಎಪ್ಪತ್ತರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಬಂದು ಆ ಕಾರ್ಖಾನೆಯಲ್ಲಿ ಟರ್ನರ್ ಆದೆ. ಶಾಲೆ ಏಳನೆಯ ಇಯತ್ತೆಗೇ ನಿಂತಿತ್ತು. ಉಳಿದದ್ದನ್ನು ಸಾರ್ವಜನಿಕ ಗ್ರಂಥಾಲಯದ ಬೆಂಚಿನ ಮೇಲೆ ಕಲಿತೆ. ಲೇತ್ ಯಂತ್ರದ ಮುಂದೆ ನಿಲ್ಲುವವನು, ಅಳೆದು ನೋಡದೆ ಯಾರ ಮಾತನ್ನೂ ಒಪ್ಪುವುದಿಲ್ಲ. ಈ ಗುಣದಿಂದ ನನಗೆ ಗೆಳೆಯರು ಕಡಿಮೆಯಾದರು. ಆದರೂ ಅದನ್ನು ಬಿಟ್ಟಿಲ್ಲ.

ಗಂಗಾನಗರದ ಒಂದು ವಠಾರದಲ್ಲಿ ನಮ್ಮ ಬಿಡಾರ: ಒಂದು ಅಡುಗೆಮನೆ, ಒಂದು ಕೋಣೆ, ಹಿಂದೆ ಬಚ್ಚಲು. ದಶಕದ ಕೊನೆಯಲ್ಲಿ ಮದುವೆಯಾಯಿತು. ಅಪ್ಪ ತೀರಿಕೊಂಡಿದ್ದರಿಂದ ಅವ್ವನೂ ನಮ್ಮೊಂದಿಗಿದ್ದಳು. ಕೋಣೆಯ ನಡುವೆ ಅವ್ವನ ಹಳೆಯ ಇಳಕಲ್ ಸೀರೆಯೇ ಪರದೆ. ಆಚೆ ಅವ್ವನ ಹಾಸಿಗೆ, ಈಚೆ ನಮ್ಮದು. ಅವ್ವನಿಗೆ ಒಣಕೆಮ್ಮು.

ಕಾಯಿಲೆ ಏನೆಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತೇನೆ: ನಾವು ಕೂಡುವ ಮೊದಲೇ ನನ್ನದು ಮುಗಿದುಹೋಗುತ್ತಿತ್ತು. ಒಮ್ಮೊಮ್ಮೆ ಅಲ್ಲ, ಪ್ರತಿ ಸಲ. ವರ್ಷ ಕಳೆದರೂ ನಮ್ಮ ಮದುವೆ ಅದರ ಪೂರ್ತಿ ಅರ್ಥದಲ್ಲಿ ನಡೆದೇ ಇರಲಿಲ್ಲ. ಇದು ತಿಳಿದದ್ದು ಇಬ್ಬರಿಗೆ ಮಾತ್ರ. ಉಳಿದವರಿಗೆಲ್ಲ ಕಾಣುತ್ತಿದ್ದದ್ದು, ಗಿರಿಜೆಗೆ ಮಕ್ಕಳಾಗಲಿಲ್ಲ ಎಂಬುದಷ್ಟೇ. "ಬನ್ನಿ ಹಬ್ಬದೊಳಗ ಏನರ ಸುದ್ದಿ ಆಗಲಿಲ್ಲಂದ್ರ ಆಕಿನ್ನ ತವರಿಗೆ ಬಿಟ್ಟು ಬರ್ತೀನಿ. ನಮ್ಮ ಅಣ್ಣನ ಕಡೆ ಒಂದು ಹುಡುಗಿ ಐತಿ" ಎಂದು ಅವ್ವ ಪರದೆಯಾಚೆಯಿಂದ, ನಮಗೆ ಕೇಳಲೆಂದೇ, ಹೇಳಲಾರಂಭಿಸಿದ್ದಳು.

ಯಲಹಂಕದ ಕಡೆಯ ಹಳ್ಳಿಯಿಂದ ಬರುತ್ತಿದ್ದ ರಾಜಣ್ಣ ನನ್ನ ಪಕ್ಕದ ಯಂತ್ರದವನು. ಕ್ಯಾಂಟೀನಿನಲ್ಲಿ ಈ ವಿಷಯದ ಮಹಾಪಂಡಿತ ಅವನೇ. "ಒಂದು ಅನಿ ಓದ್ರೆ ಒಂದು ಲೋಟ ರಕ್ತ ಓದಂಗೆ ಗುರು. ದೊಡ್ಡೋರು ಸುಮ್ಕೆ ಏಳಿಲ್ಲ. ಧಾತು ನೀರಾದ್ರೆ ಮನ್ಸ ಇಂಗೇ ಒಣಗಿ ಕಡ್ಡಿ ಆಗೋಯ್ತಾನೆ."

ಹೈನುಗಾರರಿಗಾಗಿ ಅಚ್ಚು ಮಾಡಿಸಿದ್ದ ಕೈಪಿಡಿಯೊಂದನ್ನು ನಾನು ಗ್ರಂಥಾಲಯದಲ್ಲಿ ಓದಿದ್ದೆ. "ಹೆಬ್ಬಾಳದ ಕಡೆ ತಳಿಹೋರಿ ನೋಡಿಯಲ್ಲ ರಾಜಣ್ಣ? ಕೃತಕ ಗರ್ಭಧಾರಣೆಗೆ ಅಂತ ಅವುಗಳಿಂದ ಸಾಲಾಗಿ ತೆಗೀತಾರ. ಒಂದರ ಹೋರಿ ಒಣಗೇತೇನು? ಬಾಗಿಲದಾಗ ಹಿಡಿಸೂದಿಲ್ಲ."

"ಓರಿಗೆ ಏನ್ ಚಿಂತೆ ಐತೆ ಗುರು? ಇಂಡಿ ತಿಂತದೆ, ಮನೀಕತದೆ. ಅದಕ್ಕೆ ಸಿಫ್ಟ್ ಐತಾ?"

ಎಲ್ಲರೂ ನಕ್ಕರು. ವಾದದಲ್ಲಿ ಗೆದ್ದವನು ನಾನೇ ಎಂದು ಇಂದಿಗೂ ನಂಬಿದ್ದೇನೆ. ಆದರೂ ಮುಂದಿನ ತಿಂಗಳು ಲಾಡ್ಜಿನ ಮೆಟ್ಟಿಲು ಹತ್ತಿದೆ. ತಲೆಗೆ ತಿಳಿದದ್ದು ಕಾಲಿಗೆ ತಿಳಿಯಲು ಬಹಳ ಹೊತ್ತು ಬೇಕಾಗುತ್ತದೆ. ಭಯಕ್ಕೆ ಅಷ್ಟು ಹೊತ್ತು ಬೇಕಿಲ್ಲ.

ಆ ಕಾರಿಡಾರಿನ ವಾಸನೆ ಈಗಲೂ ನೆನಪಿದೆ. ಫಿನಾಯಿಲು, ಬೀಡಿ, ಹಳಸಿದ ಹಾಸಿಗೆ. ಗೋಡೆಗೆ ಒರಗಿ ಕುಳಿತ ಗಂಡಸರೆಲ್ಲರ ಮುಖದ ಮುಂದೆ ಒಂದೊಂದು ದಿನಪತ್ರಿಕೆ. ಯಾರೂ ಪುಟ ತಿರುವುತ್ತಿರಲಿಲ್ಲ. ನಾನು ಕುಳಿತ ಸ್ವಲ್ಪ ಹೊತ್ತಿಗೆ ಪಕ್ಕದ ಪತ್ರಿಕೆ ಕೆಳಗಿಳಿಯಿತು. ಅದರ ಹಿಂದೆ ರಾಜಣ್ಣ.

"ನೀನೇನೋ ಇಲ್ಲಿ?" ಎಂದ.

"ನಮ್ಮ ವಠಾರದಾಗಿನ ಒಬ್ರ ಸಲುವಾಗಿ ಬಂದೀನಿ. ನೀ?"

"ನಮ್ ಬಾಮೈದಂಗೆ. ಪಾಪ, ನಾಚ್ಕೆ ಅವ್ನಿಗೆ."

ಹೀಗೆ ಅಲ್ಲಿಲ್ಲದ ಇಬ್ಬರು ರೋಗಿಗಳ ಪರವಾಗಿ ನಾವಿಬ್ಬರೂ ಸರದಿಯಂತೆ ಒಳಗೆ ಹೋಗಿ, ಅವರ ಬದಲಿಗೆ ನಮ್ಮ ಮೂತ್ರವನ್ನು ಕೊಟ್ಟು ಬಂದೆವು. ಕಾರ್ಖಾನೆಯಲ್ಲಿ ಆ ಮಾತು ಮತ್ತೆಂದೂ ಎತ್ತಲಿಲ್ಲ. ಆದರೆ ರಾಜಣ್ಣ ಅಂದಿನಿಂದ ಕ್ಯಾಂಟೀನಿನಲ್ಲಿ ಧಾತುವಿನ ಪ್ರವಚನ ನಿಲ್ಲಿಸಿದ.

ವೈದ್ಯನೆನಿಸಿಕೊಂಡವನು ಲಾಡ್ಜಿನ ಮಂಚದ ಮೇಲೆ ಜಮಖಾನ ಹಾಸಿಕೊಂಡು ಕುಳಿತಿದ್ದ. ಸುತ್ತ ಗಾಜಿನ ಭರಣಿಗಳಲ್ಲಿ ಬೇರುಗಳು. ನನ್ನ ಮೂತ್ರದ ಗ್ಲಾಸಿಗೆ ಚಿಟಿಕೆ ಪುಡಿ ಹಾಕಿದ. ತಳದಲ್ಲಿ ಬಿಳಿ ಗಸಿ ನಿಂತಿತು. "ನೋಡ್ರೀ, ಕಣ್ಣಾರೆ ನೋಡ್ರೀ. ಇದು ನಿಮ್ಮ ವಂಶ. ಚರಂಡಿಗೆ ಹೋಗ್ತಾ ಇದೆ."

"ಅದೇ ಪುಡೀನ ಬರೇ ನೀರಿಗೆ ಹಾಕಿ ತೋರಸ್ರಿ" ಎಂದೆ.

ಅವನ ಮುಖ ಬಿಗಿಯಿತು. "ಸಂಶಯ ಇಟ್ಕೊಂಡು ಬಂದವರಿಗೆ ನಮ್ಮ ಔಷಧಿ ನಾಟೋದಿಲ್ಲ."

ಎದ್ದು ಬರಬೇಕಾದ ಕ್ಷಣ ಅದು. ಬರಲಿಲ್ಲ, ಗುಳಿಗೆ ತಂದೆ. ಜೊತೆಗೆ ಪಥ್ಯ: ಹುಣಸೆಹಣ್ಣು, ಬದನೆ, ಕಾರ, ಎಣ್ಣೆಯ ಪದಾರ್ಥ ಒಂದೂ ಕೂಡದು, ಹಾಲು ಅನ್ನ ಮಾತ್ರ.

ಗುಳಿಗೆಯನ್ನು ಕಿಸೆಯಲ್ಲಿ ಅಡಗಿಸಬಹುದು. ಪಥ್ಯವನ್ನು ಎಲ್ಲಿ ಅಡಗಿಸುವುದು? ಅದು ಅಡುಗೆ ಮಾಡುವವರ ಕೈಯ ಮೂಲಕವೇ ಬರಬೇಕು. ಮೊದಲ ದಿನವೇ ಅವ್ವ ಹಿಡಿದಳು. "ಯಾಕ ತಮ್ಮಾ, ಎಣ್ಣಿಗಾಯಿ ಬಿಟ್ಟು ಎದ್ದಿ? ನಿನಗ ಜೀವ ಅದು." ಬಾಯಿಗೆ ಬಂದದ್ದನ್ನು ಹೇಳಿದೆ: ಮೂಲವ್ಯಾಧಿ, ಡಾಕ್ಟರು ಪಥ್ಯ ಹೇಳಿದ್ದಾರೆ.

ವಠಾರದಲ್ಲಿ ಪಥ್ಯವೆಂದರೆ ಸಾರ್ವಜನಿಕ ಸ್ವತ್ತು. ಸಂಜೆಯೊಳಗೆ ನಲ್ಲಿಯ ಹತ್ತಿರ ಎಲ್ಲರಿಗೂ ನನ್ನ ಆಸನದ ಸಮಾಚಾರ ತಲುಪಿತ್ತು. ಎದುರುಮನೆಯ ಜಯಮ್ಮನವರು ಸುವರ್ಣಗೆಡ್ಡೆ ಕಳಿಸಿದರು. "ಇದಕ್ಕಿಂತ ಔಷಧಿ ಇಲ್ಲ ಕಣ್ರೀ. ನಮ್ಮೆಜಮಾನ್ರು ಈಗ ಹಾಯಾಗ್ ಕೂತ್ಕೋತಾರೆ, ಬೇಕಾದ್ರೆ ಕೇಳಿ." ನನಗಿಲ್ಲದ ರೋಗಕ್ಕೆ ತಿಂಗಳುಗಟ್ಟಲೆ ಸುವರ್ಣಗೆಡ್ಡೆ ತಿಂದೆ.

ಗುಳಿಗೆ ಕೆಲಸ ಮಾಡಿತು. ಇದನ್ನು ಮರೆಮಾಚಿದರೆ ನಾನೂ ಸುಳ್ಳುಗಾರರ ಸಾಲಿಗೆ ಸೇರುತ್ತೇನೆ. ಕೆಲವು ದಿನ ತಡವಾಯಿತು. ಆದರೆ ಮಂಪರಿನಲ್ಲಿ, ಬೇರೆ ಯಾರದೋ ಮೈಯೊಳಗೆ ಇದ್ದಂತೆ; ಕೂಡುವ ಹೊತ್ತಿಗೆ ಮೈ ನನ್ನ ಮಾತು ಕೇಳುತ್ತಿರಲಿಲ್ಲ. ಬಳಿಕ ಆಸೆಯೇ ಸತ್ತಿತು. ಇನ್ನೊಂದೂ ಆಯಿತು. ಮಲ ಕಲ್ಲಾಯಿತು. ದಿನಗಟ್ಟಲೆ ಹೋಗುತ್ತಿರಲಿಲ್ಲ, ಹೋದರೆ ರಕ್ತ. ಅವ್ವನಿಗೆ ಸುಳ್ಳಾಗಿ ಹೇಳಿದ್ದ ಮೂಲವ್ಯಾಧಿ ನಿಜವಾಗಿಯೇ ಬಂದು ಕುಳಿತಿತು. ಮುಂದಿನ ಭೇಟಿಯಲ್ಲಿ ಹೇಳಿದರೆ ವೈದ್ಯ ತೊಡೆ ತಟ್ಟಿ ಸಂತೋಷಪಟ್ಟ: "ಶಾಭಾಷ್! ಮಲ ಗಟ್ಟಿಯಾಯ್ತು ಅಂದ್ರೆ ಧಾತು ಗಟ್ಟಿಯಾಗ್ತಾ ಇದೆ ಅಂತ ಲೆಕ್ಕ."

ಇದನ್ನು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಮುಖ ನೋಡಿಕೊಂಡು ಹೇಳಿದ. ಹೊರಗೆ ಪತ್ರಿಕೆಗಳ ಹಿಂದೆ ಕುಳಿತಿದ್ದವರೆಲ್ಲ ಇದನ್ನೇ ಕೇಳಿಕೊಂಡು ಹೋಗುವವರು.

ಒಂದು ಮಧ್ಯಾಹ್ನ ಮೊದಲ ಪಾಳಿ ಮುಗಿಸಿ ಬಂದಾಗ ನಮ್ಮ ಬಾಗಿಲಲ್ಲಿ ವಠಾರದ ಹೆಂಗಸರು ನೆರೆದಿದ್ದರು. ಒಳಗೆ ಬಚ್ಚಲಲ್ಲಿ ಗಿರಿಜೆ ಕುಕ್ಕರಗಾಲಲ್ಲಿ ಕುಳಿತು ವಾಂತಿ ಮಾಡುತ್ತಿದ್ದಳು. ಜಯಮ್ಮನವರ ಮುಖ ಅರಳಿತ್ತು. "ಏನ್ ಸಮಾಚಾರ ಬಸಪ್ಪನವ್ರೇ? ಸಿಹಿ ಯಾವಾಗ ಹಂಚ್ತೀರಾ?" ಅವ್ವ ಆಗಲೇ ದೇವರ ಮುಂದೆ ದೀಪ ಹಚ್ಚಿದ್ದಳು.

ಅದು ಸಾಧ್ಯವಿಲ್ಲವೆಂದು ತಿಳಿದಿದ್ದವರು ಆ ಗುಂಪಿನಲ್ಲಿ ನಾನು ಮತ್ತು ವಾಂತಿ ಮಾಡುತ್ತಿದ್ದವಳು, ಇಬ್ಬರೇ.

ಜನ ಚದುರಿದ ಮೇಲೆ ಅವಳು ಬಾಯಿ ಮುಕ್ಕಳಿಸಿ, ಮೂಲೆಯ ಗಡಿಗೆ ತೋರಿಸಿದಳು. ಅದರಲ್ಲಿ ಟಾರಿನಂಥ ಕಪ್ಪು ಕಷಾಯ. ಬ್ಯಾಟರಾಯನಪುರದಲ್ಲಿ ಬಂಜೆಯರಿಗೆ ಔಷಧಿ ಕೊಡುವ ಮುದುಕಿಯೊಬ್ಬಳ ಬಳಿಗೆ ಅವ್ವ ಅವಳನ್ನು ಕರೆದುಕೊಂಡು ಹೋಗಿದ್ದಳಂತೆ. ನಾಲ್ಕು ವಾರದಿಂದ ಬೆಳಗಿನ ಖಾಲಿ ಹೊಟ್ಟೆಗೆ ಅದು. ಅದಕ್ಕೂ ಪಥ್ಯ: ಎಳ್ಳು, ಕರಿಬೆಲ್ಲ, ಒಣಕಾರ, ಉಷ್ಣದ ಪದಾರ್ಥಗಳೇ ಆಗಬೇಕು, ಹಾಲು ಮೊಸರು ಮುಟ್ಟಬಾರದು. ಒಂದೇ ಒಲೆಯ ಮೇಲೆ ಅವ್ವ ಮಗನಿಗೆ ತಂಪಿನ ಪಥ್ಯವನ್ನೂ ಸೊಸೆಗೆ ಉಷ್ಣದ ಪಥ್ಯವನ್ನೂ ಬೇಯಿಸುತ್ತಿದ್ದಳು; ಎರಡೂ ಒಂದೇ ಕಾಯಿಲೆಗೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

"ನಿನಗೇನೂ ಆಗಿಲ್ಲಂತ ಗೊತ್ತಿದ್ದೂ ಯಾಕ ಕುಡೀತಿ?" ಎಂದೆ.

"ಮತ್ತೇನ್ ಹೇಳ್ಲಿ? ಅತ್ತೀ, ನಿಮ್ಮ ಮಗಾ ಗುಳಿಗಿ ನುಂಗಾಕತ್ತಾನ, ನನ್ನ ಬಿಡ್ರಿ ಅನ್ಲೇನು? ನೀವು ಮೂಲವ್ಯಾಧಿ ಅಂದ್ರಿ, ನಾ ಬಂಜಿ ಆದೆ. ಒಂದು ಸುಳ್ಳಿಗೆ ಇನ್ನೊಂದು ಜೋಡಿ."

ಗಡಿಗೆಯನ್ನು ನಾನೇ ಬಚ್ಚಲಿಗೆ ಸುರಿದೆ.

ಮರುವಾರ ದೊಡ್ಡ ಸರಕಾರಿ ಆಸ್ಪತ್ರೆಯೊಂದಕ್ಕೆ ಹೋದೆ. ಚರ್ಮ ಮತ್ತು ಗುಹ್ಯರೋಗ ವಿಭಾಗದ ಕಡೆಗೆ ಕಳಿಸಿದರು. ಆ ಬೋರ್ಡಿನ ಕೆಳಗೆ ಕೂರುವುದೇ ಒಂದು ಶಿಕ್ಷೆ. ಕಜ್ಜಿಯವರು ನಮ್ಮನ್ನು ಮುಟ್ಟದಂತೆ ದೂರ ಸರಿದು ಕುಳಿತಿದ್ದರು. ಸರದಿ ಬಂದಾಗ ಬಾಗಿಲಲ್ಲಿ ನಿಂತವನು ಇಡೀ ಹಾಲಿಗೆ ಕೇಳುವಂತೆ ಕೂಗಿದ: "ಬೇಗ ಆಗೋ ಕೇಸು ಯಾರ್ರೀ? ಬೇಗ ಬನ್ರೀ!" ಹಾಲಿಗೆ ಹಾಲೇ ನಕ್ಕಿತು. ಒಳಗಿದ್ದ ಎಳೆಯ ಡಾಕ್ಟರು ತಲೆ ಎತ್ತಲಿಲ್ಲ. "ಇದೆಲ್ಲ ಕಾಯಿಲೆ ಅಲ್ರೀ. ತಲೆ ಕೆಡಿಸ್ಕೋಬೇಡಿ" ಎಂದು ಮರಗಟ್ಟಿಸುವ ಮುಲಾಮೊಂದನ್ನು ಬರೆದುಕೊಟ್ಟರು. ಹೇಗೆ ಹಚ್ಚಬೇಕು, ಯಾವಾಗ ಒರೆಸಬೇಕು ಎಂದು ಹೇಳಲಿಲ್ಲ. ಹಚ್ಚಿದೆ. ನನಗೂ ಜೋಮು ಹಿಡಿಯಿತು, ಗಿರಿಜೆಗೂ ಹಿಡಿಯಿತು. "ಹಲ್ಲಿನ ಡಾಕ್ಟರ್ ಕಡೆ ಬಂದಂಗಾತು" ಎಂದಳು. ಆ ವರ್ಷದಲ್ಲಿ ನಾವು ಒಟ್ಟಿಗೆ ನಕ್ಕದ್ದು ಅದೇ ಮೊದಲು.

ದಾರಿ ಹುಡುಕಿದವಳು ಅವಳೇ. ಹೊಟ್ಟೆಯುರಿ ನಿಲ್ಲದೆ ಆರ್.ಟಿ. ನಗರದ ಒಬ್ಬ ಲೇಡಿ ಡಾಕ್ಟರ ಬಳಿಗೆ ಹೋದಾಗ, ಮುಟ್ಟು, ಮದುವೆ, ಮಕ್ಕಳೆಂದು ಅವರು ಒಂದೊಂದೇ ಕೇಳಿದರಂತೆ. ಇವಳು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು. ಮುಂದಿನ ಸಲ ನನ್ನನ್ನೂ ಎಳೆದುಕೊಂಡು ಹೋದಳು. ಆಕೆ ಮುಸ್ಲಿಂ ಮನೆತನದ, ನಡುವಯಸ್ಸಿನ ಹೆಂಗಸು. ನನ್ನ ಕಾಯಿಲೆಯನ್ನು ಕೇಳುವ ಮೊದಲು ಟಾರ್ಚು ಹಿಡಿದು ಕಣ್ಣು ನೋಡಿದರು.

"ಏನ್ ತಗೋತಾ ಇದ್ದೀರಿ? ತೆಗೀರಿ ಹೊರಗೆ."

ಗುಳಿಗೆ ಕೊಟ್ಟೆ. ಮೂಸಿ ನೋಡಿ ಮೇಜಿನ ಅಂಚಿಗೆ ತಳ್ಳಿದರು. "ಅಫೀಮು ಇರ್ಬೇಕು ಇದ್ರಲ್ಲಿ. ಒಂದು ದಿವ್ಸ ಬಿಟ್ರೆ ಮೂಗು ಸೋರತ್ತಾ? ಆಕಳಿಕೆ? ಮೈಕೈ ನೋವು?"

ಹೌದು. ಅದನ್ನು ನಾನು ಧಾತುವಿನ ದೌರ್ಬಲ್ಯವೆಂದೇ ಎಣಿಸಿದ್ದೆ. ಹೋರಿಯ ಉದಾಹರಣೆ ಕೊಟ್ಟು ವಾದ ಗೆದ್ದವನು!

"ಈಗ ಹೇಳಿ. ಮನೇಲಿ ಯಾರು ಎಲ್ಲಿ ಮಲಗ್ತೀರಿ?"

ಇದೇನು ಪ್ರಶ್ನೆಯೆಂದು ನನಗೆ ರೇಗಿತು. ಗಿರಿಜೆ ಹೇಳಿದಳು: ಒಂದು ಕೋಣೆ, ಸೀರೆಯ ಪರದೆ, ಅವ್ವನ ಕೆಮ್ಮು. ಕೆಮ್ಮು ಕೇಳಿದೊಡನೆ ನಾನು ಮರಗಟ್ಟುತ್ತಿದ್ದದ್ದು, ಕೆಮ್ಮು ಬರುವ ಮೊದಲೇ ಮುಗಿಸಬೇಕೆಂಬ ಆತುರ. ನನಗೇ ತಿಳಿಯದ ನನ್ನ ಸಂಗತಿಗಳನ್ನು ಅವಳು ಹೇಳುತ್ತಾ ಹೋದಳು.

ನಾನು ಬಿಡಲಿಲ್ಲ. "ಡಾಕ್ಟರ್ ಬಾಯಾರ, ನಮ್ಮೂರಾಗ ಒಂದ ಪಡಸಾಲ್ಯಾಗ ಹತ್ತು ಮಂದಿ ಮಲಗ್ತಿದ್ರು. ಮಕ್ಕಳಾಗಲಿಲ್ಲೇನು?"

"ಆದ್ವು. ನಿಮ್ಮಂಥೋರೂ ಅಲ್ಲಿದ್ರು. ಅವ್ರು ಯಾರಿಗೂ ಹೇಳ್ತಿರ್ಲಿಲ್ಲ. ಅವ್ರ ಹೆಂಡ್ತೀರಿಗೆ ಯಾವ ಕಷಾಯ ಕುಡಿಸಿದ್ರೋ, ಯಾರಿಗೆ ಗೊತ್ತು?"

ಮೇಜಿನ ಅಂಚಿನಲ್ಲಿದ್ದ ಗುಳಿಗೆಯನ್ನು ನಾನು ಮತ್ತೆ ಅವರ ಕಡೆಗೇ ತಳ್ಳಿದೆ.

ಅಫೀಮನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಲು ಅವರು ನನ್ನನ್ನು ಒಬ್ಬ ಮನೋವೈದ್ಯರ ಬಳಿಗೆ ಕಳಿಸಿದರು. ಆ ದಿನಗಳ ಬೆವರು, ಭೇದಿ, ನಡುಕವನ್ನು ವರ್ಣಿಸಿ ಓದುಗರಿಗೆ ವಾಕರಿಕೆ ತರಿಸುವುದಿಲ್ಲ. ಖಿನ್ನತೆಗೆ ಕೊಡುವ ಮಾತ್ರೆಯೊಂದನ್ನು ಅವರು ಬಳಿಕ ಸಣ್ಣ ಪ್ರಮಾಣದಲ್ಲಿ ಬರೆದುಕೊಟ್ಟರು. ತಡಮಾಡಿಸುವುದು ಅದರ ಅಡ್ಡಪರಿಣಾಮವಂತೆ. ಬಾಯಿ ಒಣಗುತ್ತಿತ್ತು, ಯಂತ್ರದ ಮುಂದೆ ತೂಕಡಿಕೆ ಬರುತ್ತಿತ್ತು. ಬೆರಳು ಕಳೆದುಕೊಳ್ಳುವ ಭಯಕ್ಕೆ ಕೆಲವು ತಿಂಗಳ ನಂತರ ಅವರನ್ನೇ ಕೇಳಿ ಕಡಿಮೆ ಮಾಡಿಸಿಕೊಂಡೆ. ಮುಖ್ಯವಾದದ್ದು ಇಬ್ಬರೂ ಸೇರಿ ಮಾಡಬೇಕಾದ ಅಭ್ಯಾಸ: ಮೊದಲು ಯಾವ ಗುರಿಯೂ ಇಲ್ಲದೆ ಒಟ್ಟಿಗಿರುವುದು, ಆಮೇಲೆ ಆತುರ ಬಂದಾಗ ನಿಲ್ಲುವುದು, ಇಳಿದ ಮೇಲೆ ಮತ್ತೆ ಮುಂದುವರಿಯುವುದು. ಅವಸರವಿಲ್ಲದ ಹೊತ್ತು ಬೇಕು, ಬಾಗಿಲು ಹಾಕಿದ ಮನೆ ಬೇಕು ಎಂದರು. ಮೊದಲ ಪಾಳಿಯ ವಾರಗಳಲ್ಲಿ ಮಧ್ಯಾಹ್ನಗಳು ಸಿಗುತ್ತಿದ್ದವು. ಸಿಗದಿದ್ದದ್ದು ಮನೆ.

ಬನ್ನಿ ಹಬ್ಬ ಹತ್ತಿರವಾಗಿತ್ತು. ಅಂದಿನ ವಾಂತಿ ಬಸಿರಿನದಲ್ಲವೆಂದು ತಿಳಿದ ಮೇಲೆ, ಗಿರಿಜೆಯನ್ನು ತವರಿಗೆ ಬಿಟ್ಟುಬರಲು ಅವ್ವ ಟ್ರಂಕು ಕೆಳಗಿಳಿಸಿದ್ದಳು. ಆ ದಿನ ಮಧ್ಯಾಹ್ನ ಗಿರಿಜೆ ಎಣ್ಣೆಗಾಯಿ ಮಾಡಿ, ಹುಣಸೆಯ ಸಾರು ಮಾಡಿ, ನನ್ನ ತಾಟಿಗೂ ತನ್ನ ತಾಟಿಗೂ ಬಡಿಸಿದಳು. ಅವ್ವ ದಿಗಿಲುಬಿದ್ದಳು. "ಹುಚ್ಚು ಹಿಡೀತೇನ? ಪಥ್ಯ!"

ಗಿರಿಜೆ ನನ್ನ ಮುಖ ನೋಡಿದಳು. ಅವಳು ಮಾಡಬಹುದಾದದ್ದನ್ನೆಲ್ಲ ಮಾಡಿಯಾಗಿತ್ತು. ಇನ್ನುಳಿದದ್ದು ನನ್ನ ಮಾತು.

"ಅವ್ವಾ, ಟ್ರಂಕು ಮ್ಯಾಲಿಡು. ಕೊರತಿ ಆಕೀದಲ್ಲ. ನಂದು. ಗಂಡ ಹೆಂಡ್ತಿ ಆಗೂದ ನನ್ನ ಕೈಲಿ ಆಗಿಲ್ಲ. ನನಗ ಮೂಲವ್ಯಾಧಿ ಅಲ್ಲ, ಇದಕ್ಕ ಔಷಧ ತಗೊಳಾಕತ್ತಿದ್ದೆ. ಈಗ ಆರ್.ಟಿ. ನಗರದ ಡಾಕ್ಟರ್ ಬಾಯಿಗೆ ತೋರಿಸೇವಿ."

"ಥೂ!" ಎಂದಳು ಅವ್ವ. "ತಾಯಿ ಮುಂದ ಆಡೂ ಮಾತೇನಿದು? ಅನ್ನದ ತಾಟಿನ ಮುಂದ!" ಅವಳ ಮುಖದಲ್ಲಿದ್ದದ್ದು ಸಿಟ್ಟಲ್ಲ, ಹೇಸಿಗೆ. ಉಣ್ಣದೆ ಎದ್ದು ಪರದೆಯಾಚೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕೆಲವು ದಿನ ನನ್ನೊಂದಿಗೆ ಮಾತಿಲ್ಲ; ತಾಟು ಇಟ್ಟು ಹೋಗುವಳು. ತಾಯಿಯ ಹೇಸಿಗೆಯನ್ನು ತಿಂದು ಜೀರ್ಣಿಸಿಕೊಳ್ಳಲು ಯಾವ ಪಥ್ಯವೂ ಇಲ್ಲ. ಟ್ರಂಕು ಮಾತ್ರ ಅಲ್ಲೇ ನೆಲದ ಮೇಲಿತ್ತು, ಒಯ್ಯಲೂ ಇಲ್ಲ, ಮೇಲಿಡಲೂ ಇಲ್ಲ.

ಒಂದು ದಿನ ಅಕ್ಕಿ ಆರಿಸುತ್ತಾ, ನನ್ನ ಕಡೆ ನೋಡದೆ ಕೇಳಿದಳು: "ಆ ಡಾಕ್ಟರ್ ಬಾಯಿ ಏನ್ ಪಥ್ಯ ಹೇಳ್ಯಾಳ?"

"ಪಥ್ಯ ಏನಿಲ್ಲವ್ವಾ."

"ಪಥ್ಯ ಇಲ್ಲದ್ದು ಎಂಥಾ ಔಷಧ? ನಾಟೂದಿಲ್ಲ ಅದು."

ನಾನು ಹೇಳಿಯೇಬಿಟ್ಟೆ. "ಒಂದೈತಿ. ಆದ್ರ ಅದನ್ನ ಹಿಡೀಬೇಕಾದಾಕಿ ನೀನು. ಮಧ್ಯಾಹ್ನ ನಾ ಮನ್ಯಾಗ ಇದ್ದಾಗ ನೀ ಇಲ್ಲಿರಬಾರದಂತ. ಹೊರಗ ಎಲ್ಲೆರ ಕುಂಡರಬೇಕಂತ."

ಅವ್ವನ ಬೆರಳು ಮೊರದಲ್ಲಿ ನಿಂತಿತು. ಬೈಯುತ್ತಾಳೆಂದುಕೊಂಡೆ. "ಎಷ್ಟು ದಿನ?" ಎಂದಳು. "ಗೊತ್ತಿಲ್ಲ" ಎಂದೆ. ಎದ್ದಳು, ಟ್ರಂಕನ್ನು ಅಟ್ಟದ ಮೇಲಿಟ್ಟಳು, ಮೊರವನ್ನು ಕಂಕುಳಲ್ಲಿಟ್ಟುಕೊಂಡು ಜಯಮ್ಮನವರ ಜಗಲಿಗೆ ಹೋದಳು.

ಜೀವಮಾನವಿಡೀ ಪಥ್ಯ ಕೆಡಿಸದ ಹೆಂಗಸು ಅದನ್ನೂ ಕೆಡಿಸಲಿಲ್ಲ. ಮೊದಲ ಪಾಳಿಯ ವಾರಗಳಲ್ಲಿ ಬಿಸಿಲಿರಲಿ ಜಡಿಮಳೆಯಿರಲಿ, ನಾನು ಹೊಸ್ತಿಲು ದಾಟಿ ಒಳಗೆ ಬಂದೊಡನೆ ಅವ್ವ ಹೊರಗೆ. ಒಮ್ಮೆ ಜ್ವರವಿದ್ದಾಗ ಬೇಡವೆಂದರೂ ಕಂಬಳಿ ಹೊದ್ದು ಹೋಗಿ ಕುಳಿತಳು.

ಗುಣವಾಯಿತೇ ಎಂದು ಕೇಳುವವರಿಗೆ ನಾನು ಹೌದೆಂದು ಹೇಳುವುದಿಲ್ಲ. ಸಂಪೂರ್ಣ ಗುಣವೆಂಬುದು ಗೋಡೆಯ ಮೇಲಿನ ಮಾತು. ಮನಸ್ಸು ಕೆಟ್ಟಾಗ ಮರಳಿ ಬರುತ್ತಿತ್ತು. ಬಂದರೆ ನಿಲ್ಲುವುದನ್ನು, ನಗುವುದನ್ನು, ಮತ್ತೆ ಆರಂಭಿಸುವುದನ್ನು ಕಲಿತಿದ್ದೆವು. ಎರಡು ವರ್ಷದ ಮೇಲೆ ಮಗಳು ಹುಟ್ಟಿದಳು. ಅದನ್ನೂ ನಾನು ಗುಣವಾದುದರ ಸಾಕ್ಷಿಯಾಗಿ ಮುಂದಿಡುವುದಿಲ್ಲ. ಮಕ್ಕಳಾಗದಿದ್ದರೂ ಗಿರಿಜೆಯ ಮೇಲೆ ಹೊರಿಸಿದ್ದು ಸುಳ್ಳೇ ಆಗಿರುತ್ತಿತ್ತು.

ಮಗಳ ಸುದ್ದಿ ಇನ್ನೂ ಇಲ್ಲದ ದಿನಗಳ ಮಾತನ್ನು ಹೇಳಿ ನಿಲ್ಲಿಸುತ್ತೇನೆ. ನಲ್ಲಿಯ ಹತ್ತಿರ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ನಾನು ಹಲ್ಲುಜ್ಜುತ್ತಾ ಒಳಗಿದ್ದೆ. ಜಯಮ್ಮನವರ ದನಿ ಕೇಳಿಸಿತು: "ಏನ್ ಅಜ್ಜಿ, ಸೊಸೆಗೆ ಬ್ಯಾಟರಾಯನಪುರದ ಔಷಧಿ ನಿಲ್ಸ್‌ಬಿಟ್ರಂತೆ? ಮತ್ತೆ ಅವಳ ಗತಿ?"

ಅವ್ವ ತುಂಬಿದ ಕೊಡವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡ ಸದ್ದಾಯಿತು. ಆಮೇಲೆ ವಠಾರದ ಎಲ್ಲ ಬಾಗಿಲುಗಳಿಗೂ ತಲುಪುವಂತೆ ಹೇಳಿದಳು:

"ಆಕೀಗೆ ಏನೂ ಆಗಿಲ್ಲ. ಮೊದಲೂ ಏನೂ ಆಗಿರಲಿಲ್ಲ. ಸರೀರಿ, ಮುಂದಿನವ್ರು ಕೊಡ ಹಿಡೀಲಿ."